ಅಂಗಡಿಯ ಸ್ಪರ್ಧೆಗೆ ನಿಯಮ ಬರೆಯುವುದು ಹೇಗೆ? ಫ್ಲೆಕ್ಸ್ ಪ್ರಿಂಟಿಗೆ ಕೊಡುವ ಮುಂಚೆ ಓದಿ

ಹಬ್ಬದ ಸೀಸನ್ ಶುರುವಾದರೆ ಸಾಕು, ಊರಿನ ಸರ್ಕಲ್ ತುಂಬಾ ಫ್ಲೆಕ್ಸ್. ‘ಬನ್ನಿ, ಸ್ಕೂಟರ್ ಗೆಲ್ಲಿ’ ಅಂತ ದೊಡ್ಡ ಅಕ್ಷರ. ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ‘ಷರತ್ತುಗಳು ಅನ್ವಯ’. ಆ ಷರತ್ತು ಯಾವುವು ಅಂತ ಕೌಂಟರಿನಲ್ಲಿ ಕೇಳಿ ನೋಡಿ. ಎಷ್ಟೋ ಕಡೆ ಉತ್ತರ ಸಿಗುವುದಿಲ್ಲ, ಯಾಕಂದರೆ ಅದನ್ನು ಯಾರೂ ಬರೆದೇ ಇರುವುದಿಲ್ಲ.

ಗೆದ್ದವರು ನಿಯಮ ಓದುವುದಿಲ್ಲ. ಬಹುಮಾನ ತೆಗೆದುಕೊಂಡು, ಫೋಟೋ ಹೊಡೆಸಿಕೊಂಡು ಖುಷಿಯಾಗಿ ಹೋಗುತ್ತಾರೆ. ಓದುವವರು ಸೋತವರು. ‘ನಂದು ಯಾಕೆ ಬರಲಿಲ್ಲ?’ ಅಂತ ಕೇಳಿಕೊಂಡು ಬರುವ ಆ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಿಯಮ ಬರೆಯಬೇಕು. ಅವರ ಕೈಗೆ ಕಾಗದ ಕೊಟ್ಟರೆ, ಏನು ನಡೆಯಿತು ಅಂತ ಅವರೇ ಓದಿ ತಿಳಿದುಕೊಳ್ಳುವ ಹಾಗಿರಬೇಕು.

ಉದಾಹರಣೆಗೆ, ದಾವಣಗೆರೆಯಲ್ಲಿ ಒಂದು ಸೀರೆ ಅಂಗಡಿ ಅಂದುಕೊಳ್ಳೋಣ. ರಾಜ್ಯೋತ್ಸವದ ತಿಂಗಳಲ್ಲಿ ಸ್ಪರ್ಧೆ ಇಡಬೇಕು ಅಂತ ಮಾಲೀಕರ ಆಸೆ. ಮೊದಲ ಬಹುಮಾನ ಸ್ಕೂಟರ್.

ಮೊದಲ ತೀರ್ಮಾನ: ಚೀಟಿ ಎತ್ತುತ್ತೀರೋ, ಜಾಣ್ಮೆ ನೋಡುತ್ತೀರೋ?

ಎಲ್ಲರಿಗೂ ಮೊದಲು ಹೊಳೆಯುವುದು ಲಕ್ಕಿ ಡ್ರಾ. ಸಾವಿರ ರೂಪಾಯಿ ಬಿಲ್ಲಿಗೆ ಒಂದು ಕೂಪನ್, ಅದನ್ನು ಡಬ್ಬಕ್ಕೆ ಹಾಕುವುದು, ಕೊನೆಯ ದಿನ ಒಂದು ಮಗುವಿನ ಕೈಯಲ್ಲಿ ಚೀಟಿ ಎತ್ತಿಸುವುದು. ಕೆಲಸ ಸುಲಭ. ಆದರೆ ಕಾನೂನಿನ ತೊಡಕು ಜಾಸ್ತಿ ಇರುವುದು ಇಲ್ಲೇ.

ಮೂರು ಸಂಗತಿ ಒಟ್ಟಿಗೆ ಸೇರಿದರೆ ಲಾಟರಿ ಆಗುತ್ತದೆ: ಬಹುಮಾನ, ಅದೃಷ್ಟ, ಮತ್ತು ಭಾಗವಹಿಸುವವರ ಜೇಬಿನಿಂದ ಹೋಗುವ ಹಣ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಸರ್ಕಾರದ್ದಲ್ಲದ, ಸರ್ಕಾರದ ಒಪ್ಪಿಗೆಯೂ ಇಲ್ಲದ ಲಾಟರಿ ಎತ್ತಲು ಜಾಗ ಇಟ್ಟರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದರ ಜಾಹೀರಾತು ಹಾಕಿದವರಿಗೂ ದಂಡ ಇದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ವ್ಯಾಪಾರ ಹೆಚ್ಚಿಸಲು ನಡೆಸುವ ಲಾಟರಿ, ಅದೃಷ್ಟದ ಆಟ, ಜಾಣ್ಮೆಯ ಆಟ, ಸ್ಪರ್ಧೆ ಎಲ್ಲವನ್ನೂ ಅದು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಹೆಸರಿಸಿದೆ. ಆ ಕಾಯ್ದೆಯ ಕೆಳಗೆ ಸರ್ಕಾರ ಮಾಡುವ ನಿಯಮಗಳಲ್ಲಿ ವಿನಾಯಿತಿ ಕೊಟ್ಟವು ಮಾತ್ರ ಹೊರಗೆ. ಹಾಗಾಗಿ ಬಹುಮಾನ ದೊಡ್ಡದಿದ್ದರೆ ಕರಡನ್ನು ಒಮ್ಮೆ ವಕೀಲರಿಗೆ ತೋರಿಸಲೇಬೇಕು.

ಮತ್ತೆ ದೇಶದ ತುಂಬಾ ಇಷ್ಟೊಂದು ಸ್ಪರ್ಧೆ ಹೇಗೆ ನಡೆಯುತ್ತಿವೆ ಅಂತ ಕೇಳಬಹುದು. ಕೋರ್ಟಿಗೆ ಹೋದ ಪ್ರಕರಣಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಬಹುಮಾನದ ಹಣ ಜನರಿಂದಲೇ ವಸೂಲಾಯಿತೇ? ಹಾರ್ಲಿಕ್ಸ್ ಬಾಟಲಿಯೊಳಗೆ ಬಹುಮಾನದ ಚೀಟಿ ಇಟ್ಟ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್, ಕೆಲವು ಬಾಟಲಿಗಳಲ್ಲಿ ಚೀಟಿ ಇದ್ದ ಮಾತ್ರಕ್ಕೆ ಅದು ಲಾಟರಿ ಆಗುವುದಿಲ್ಲ ಎಂದಿತು. 2007ರ ‘ಕೌನ್ ಬನೇಗಾ ಕರೋಡ್‌ಪತಿ’ಯ ಸಮಯದಲ್ಲಿ ಟಿವಿ ನೋಡುವವರಿಗೆ ಎಸ್ಸೆಮ್ಮೆಸ್ ಸ್ಪರ್ಧೆ ಇಟ್ಟಿದ್ದರು. ಒಂದು ಎಸ್ಸೆಮ್ಮೆಸ್‌ಗೆ 2 ರೂಪಾಯಿ 40 ಪೈಸೆ. ಬಹುಮಾನದ ಹಣ ಈ ಎಸ್ಸೆಮ್ಮೆಸ್‌ಗಳಿಂದಲೇ ಬಂತು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಒಂದು ಕೋಟಿ ರೂಪಾಯಿ ದಂಡ ಹಾಕಿತು. ಅದಕ್ಕೆ ಸಾಕ್ಷಿ ಇಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ನಡುವೆ ಹನ್ನೊಂದು ವರ್ಷ ಹೋಯಿತು. ದೊಡ್ಡ ಕಂಪನಿಗೆ ಅಷ್ಟು ವರ್ಷ ಕೇಸು ನಡೆಸುವ ಶಕ್ತಿ ಇರುತ್ತದೆ. ಸೀರೆ ಅಂಗಡಿಗೆ ಎಲ್ಲಿರುತ್ತದೆ?

ಹಾಗಾಗಿ ನನ್ನ ಸಲಹೆ ಒಂದೇ. ಜಾಣ್ಮೆಯ ಸ್ಪರ್ಧೆ ಇಡಿ, ಖರೀದಿಯನ್ನು ಕಡ್ಡಾಯ ಮಾಡಬೇಡಿ. ನಮ್ಮ ಅಂಗಡಿಯವರು ‘ಅಮ್ಮನ ಸೀರೆ’ ಅನ್ನುವ ವಿಷಯದ ಮೇಲೆ 20 ಪದ ಮೀರದ ಬರಹ ಕೇಳಲಿ. ಫಾರಂ ಕೌಂಟರಿನಲ್ಲಿ ಯಾರಿಗೆ ಬೇಕಾದರೂ ಉಚಿತವಾಗಿ ಸಿಗಲಿ. ಬಾಗಿಲಿಗೆ ಬಂದವರು ಒಂದು ಸೀರೆ ನೋಡದೆ ಹೋಗುತ್ತಾರಾ? ವ್ಯಾಪಾರ ತಾನಾಗಿ ಆಗುತ್ತದೆ. ಆದರೆ ‘ಖರೀದಿ ಕಡ್ಡಾಯವಲ್ಲ’ ಅಂತ ಬರೆದ ಮೇಲೆ ಅದನ್ನು ಪಾಲಿಸಬೇಕು. ಸೇಲ್ಸ್ ಹುಡುಗರು ‘ಬಿಲ್ ತೋರಿಸಿ, ಫಾರಂ ಕೊಡ್ತೀವಿ’ ಅಂದರೆ ನೀವು ಬರೆದ ಸಾಲಿಗೆ ಬೆಲೆಯೇ ಇಲ್ಲ. ಸ್ಪರ್ಧೆ ಶುರುವಾಗುವ ಹಿಂದಿನ ದಿನ ಸಿಬ್ಬಂದಿಯನ್ನು ಕೂರಿಸಿಕೊಂಡು ಇದನ್ನು ಬಿಡಿಸಿ ಹೇಳಿ.

ಜಾಣ್ಮೆ ಅಂದರೆ ನಿಜವಾಗಿಯೂ ಜಾಣ್ಮೆ ಇರಬೇಕು. ‘ಕರ್ನಾಟಕದ ರಾಜಧಾನಿ ಯಾವುದು?’ ಅಂತ ಕೇಳಿ, ಸರಿ ಬರೆದ ಸಾವಿರಾರು ಜನರಲ್ಲಿ ಚೀಟಿ ಎತ್ತಿದರೆ ಅದು ಲಕ್ಕಿ ಡ್ರಾನೇ. ಈ ಚರ್ಚೆ ಹಳೆಯದು, ನಮ್ಮೂರಿನ ನಂಟೂ ಇದಕ್ಕಿದೆ. ಆರ್‌ಎಂಡಿಸಿ ಅನ್ನುವ ಸಂಸ್ಥೆಯ ಪದಬಂಧ ಸ್ಪರ್ಧೆ ನಡೆಯುತ್ತಿದ್ದುದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯಲ್ಲಿ. ಅದರ ಕೇಸು ಮುಂಬಯಿಯಿಂದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1957ರಲ್ಲಿ ತೀರ್ಪು ಬಂತು. ಪದ ತುಂಬಿಸುವುದು ಜಾಣ್ಮೆಯ ಹಾಗೆ ಕಂಡರೂ, ಗೆಲುವು ಮಾತ್ರ ಸಂಘಟಕರು ಮೊದಲೇ ಆರಿಸಿಟ್ಟ ಪದಕ್ಕೆ ನಿಮ್ಮ ಪದ ಹೊಂದುತ್ತದೋ ಇಲ್ಲವೋ ಅನ್ನುವುದರ ಮೇಲೆ ನಿಂತಿತ್ತು. ಕೋರ್ಟ್ ಅದನ್ನು ಜೂಜಿನ ಸಾಲಿಗೇ ಸೇರಿಸಿತು.

ಮೂರು ಕಡೆ ಕಾಲಿಡಲೇಬೇಡಿ. ‘ತಿಂಗಳಿಗೆ 500 ಕಟ್ಟಿ, ಪ್ರತಿ ತಿಂಗಳು ಡ್ರಾ, ಗೆದ್ದವರು ಮುಂದೆ ಕಟ್ಟಬೇಕಾಗಿಲ್ಲ’ ಅನ್ನುವ ಥರದ ಸ್ಕೀಮುಗಳ ಮೇಲೆ 1978ರ ಬಹುಮಾನ ಚೀಟಿ ನಿಷೇಧ ಕಾಯ್ದೆ ಇದೆ. ಪ್ರವೇಶ ಶುಲ್ಕ ಪಡೆದು ಹಣದ ಬಹುಮಾನ ಕೊಡುವ ಆನ್‌ಲೈನ್ ಆಟದ ಮೇಲೆ, ಅದು ಜಾಣ್ಮೆಯದ್ದಾದರೂ ಸರಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧದ ಕಾಯ್ದೆ ತಂದಿದೆ. ಇನ್ನೊಂದು ತಮಿಳುನಾಡು. ಖರೀದಿಗೆ ಗಂಟು ಹಾಕಿದ ಡ್ರಾಗಳನ್ನು ಅಲ್ಲಿ 1979ರ ಬಹುಮಾನ ಯೋಜನೆ ನಿಷೇಧ ಕಾಯ್ದೆ ತಡೆಯುತ್ತದೆ. ‘ಈ ಕೊಡುಗೆ ತಮಿಳುನಾಡಿಗೆ ಅನ್ವಯಿಸುವುದಿಲ್ಲ’ ಅಂತ ಪ್ಯಾಕೆಟ್ಟಿನ ಮೇಲೆ ಓದಿರುತ್ತೀರಿ, ಕಾರಣ ಇದೇ. ಬೆಂಗಳೂರಿನ ಅಂಗಡಿಯವರು ಹೊಸೂರಿನಲ್ಲೂ ಪಾಂಪ್ಲೆಟ್ ಹಂಚುವ ಮುಂಚೆ ಇದನ್ನು ನೆನಪಿಡಿ.

ಯಾರು, ಯಾವಾಗ, ಹೇಗೆ

ಇಲ್ಲಿಂದ ಬರೆಯಲು ಶುರು ಮಾಡಿ. ಮೊದಲ ಸಾಲಿನಲ್ಲೇ ಸ್ಪರ್ಧೆ ನಡೆಸುವವರ ಪೂರ್ತಿ ಹೆಸರು, ವಿಳಾಸ, ಫೋನ್ ಇರಲಿ. ಬೋರ್ಡಿನ ಮೇಲಿನ ಹೆಸರು ಬೇರೆ, ಜಿಎಸ್‌ಟಿ ನೋಂದಣಿಯ ಹೆಸರು ಬೇರೆ ಇದ್ದರೆ ಎರಡನ್ನೂ ಬರೆಯಿರಿ.

ವಯಸ್ಸು 18 ತುಂಬಿರಬೇಕು ಅಂತ ಹಾಕುವುದು ಒಳ್ಳೆಯದು. ಅದಕ್ಕಿಂತ ಚಿಕ್ಕವರ ಜೊತೆ ಮಾಡಿಕೊಂಡ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಮಕ್ಕಳ ಚಿತ್ರಕಲೆ ಸ್ಪರ್ಧೆಯಾದರೆ ಫಾರಂ ಮೇಲೆ ಅಪ್ಪ ಅಥವಾ ಅಮ್ಮನ ಸಹಿ ತೆಗೆದುಕೊಳ್ಳಿ. ಸಿಬ್ಬಂದಿ, ಅವರ ಮನೆಯವರು, ತೀರ್ಪುಗಾರರ ಮನೆಯವರು ಭಾಗವಹಿಸುವ ಹಾಗಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ‘ಮನೆಯವರು’ ಅಂದರೆ ಯಾರು ಅಂತಲೂ ಹೇಳಬೇಕು: ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ. ಸಣ್ಣ ಊರಲ್ಲಿ ಮಾಲೀಕರ ಭಾವಮೈದುನನಿಗೆ ಸ್ಕೂಟರ್ ಬಂದರೆ ನ್ಯಾಯವಾಗಿ ಗೆದ್ದಿದ್ದರೂ ಯಾರೂ ನಂಬುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಭಾವ, ನಾದಿನಿ, ಮೈದುನರನ್ನೂ ಸೇರಿಸಿಬಿಡಿ.

ದಿನಾಂಕದ ಜೊತೆ ಗಂಟೆ ಇರಲೇಬೇಕು. ‘ನವೆಂಬರ್ 25ರವರೆಗೆ’ ಅಂದರೆ ಅಂಗಡಿ ಬಾಗಿಲು ಹಾಕುವವರೆಗೋ, ರಾತ್ರಿ 12ರವರೆಗೋ? ಹೀಗೆ ಬರೆಯಿರಿ:

‘ನವೆಂಬರ್ 1ರ ಬೆಳಿಗ್ಗೆ 10 ಗಂಟೆಯಿಂದ ನವೆಂಬರ್ 25ರ ರಾತ್ರಿ 8 ಗಂಟೆಯವರೆಗೆ ಬರಹ ಸ್ವೀಕರಿಸುತ್ತೇವೆ. ವಾಟ್ಸಾಪಿನಲ್ಲಿ ಕಳಿಸಿದರೆ ನಮ್ಮ ಫೋನಿನಲ್ಲಿ ಮೆಸೇಜ್ ಬಂದು ತಲುಪಿದ ಭಾರತೀಯ ಸಮಯವೇ ಲೆಕ್ಕ.’

ಭಾರತೀಯ ಸಮಯ ಅನ್ನುವ ಮಾತು ಸುಮ್ನೆ ಹಾಕಿದ್ದಲ್ಲ. ಆನ್‌ಲೈನಿನಲ್ಲಿ ಹಾಕಿದರೆ ದುಬೈನಲ್ಲಿ, ಅಮೆರಿಕದಲ್ಲಿ ಇರುವ ಕನ್ನಡಿಗರೂ ಬರೆದು ಕಳಿಸುತ್ತಾರೆ. ಹೊರದೇಶದವರಿಗೆ ಅವಕಾಶ ಇದೆಯೋ ಇಲ್ಲವೋ, ಇದ್ದರೆ ಬಹುಮಾನ ಭಾರತದ ವಿಳಾಸಕ್ಕೆ ಮಾತ್ರವೋ ಅನ್ನುವುದನ್ನೂ ಹೇಳಿಬಿಡಿ. ಒಬ್ಬರು ಎಷ್ಟು ಬರಹ ಕಳಿಸಬಹುದು, ಒಂದೇ ಫೋನ್ ನಂಬರಿನಿಂದ ಇಬ್ಬರು ಕಳಿಸಬಹುದೇ, ಯಾವ ಕಾರಣಕ್ಕೆ ಬರಹ ತಿರಸ್ಕಾರ ಆಗುತ್ತದೆ, ಇವಕ್ಕೆ ತಲಾ ಒಂದು ಸಾಲು ಸಾಕು.

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ನಡೆಸುವುದಾದರೆ ಅವರದ್ದೇ ನಿಯಮ ಇವೆ. ಈ ಸ್ಪರ್ಧೆಗೂ ಮೆಟಾ ಕಂಪನಿಗೂ ಸಂಬಂಧ ಇಲ್ಲ, ಅದರ ಪ್ರಾಯೋಜಕತ್ವವೂ ಇಲ್ಲ ಅಂತ ನೀವು ಬರೆಯಬೇಕು. ‘ನಿಮ್ಮ ಟೈಮ್‌ಲೈನಿನಲ್ಲಿ ಶೇರ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ, ಆಗ ಮಾತ್ರ ಅವಕಾಶ’ ಅನ್ನುವುದಕ್ಕೆ ಫೇಸ್‌ಬುಕ್ ಒಪ್ಪುವುದಿಲ್ಲ. ಹೀಗೆ ಮಾಡುವವರು ತುಂಬಾ ಜನ ಇದ್ದಾರೆ ಅನ್ನುವುದು ನಿಮಗೆ ರಕ್ಷಣೆ ಅಲ್ಲ.

ಬಹುಮಾನವನ್ನು ಬಿಲ್ಲಿನ ಹಾಗೆ ಬಿಡಿಸಿ ಬರೆಯಿರಿ

ಜಗಳ ಜಾಸ್ತಿ ಆಗುವುದು ಇಲ್ಲಿ. ‘ಮೊದಲ ಬಹುಮಾನ: ಸ್ಕೂಟರ್’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ಕಂಪನಿ, ಯಾವ ಮಾಡೆಲ್, ಪೆಟ್ರೋಲೋ ಎಲೆಕ್ಟ್ರಿಕ್ಕೋ? ಷೋರೂಮ್ ಬೆಲೆ ಮಾತ್ರ ನಿಮ್ಮದೋ, ರಸ್ತೆ ತೆರಿಗೆ, ನೋಂದಣಿ, ವಿಮೆಯೂ ನಿಮ್ಮದೋ? ಗೆದ್ದವರು ಹೂಮಾಲೆ ಹಾಕಿದ ಸ್ಕೂಟರ್ ಮುಂದೆ ನಿಂತಿರುವಾಗ ‘ಆರ್‌ಟಿಓ ಖರ್ಚು, ವಿಮೆ ನೀವು ಕಟ್ಟಬೇಕು’ ಅಂದರೆ ಅವರ ಮುಖ ಹೇಗಾಗಬೇಡ? ಹೀಗೆ ಬರೆಯಬಹುದು:

‘ಮೊದಲ ಬಹುಮಾನ ಒಂದು ಪೆಟ್ರೋಲ್ ಸ್ಕೂಟರ್ (ಕಂಪನಿ, ಮಾಡೆಲ್ ಹೆಸರು), ಷೋರೂಮ್ ಬೆಲೆ ₹90,000. ನೋಂದಣಿ, ರಸ್ತೆ ತೆರಿಗೆ, ವಿಮೆಯ ಖರ್ಚು ಅಂಗಡಿಯದು. ವಾಹನ ಗೆದ್ದವರ ಹೆಸರಿನಲ್ಲೇ ನೋಂದಣಿ ಆಗುತ್ತದೆ. ಬಣ್ಣದ ಆಯ್ಕೆ ಇಲ್ಲ. ಬದಲಿಗೆ ನಗದು ಕೊಡುವುದಿಲ್ಲ. ಈ ಮಾಡೆಲ್ ಸಿಗದಿದ್ದರೆ ಇದೇ ಬೆಲೆಯ ಅಥವಾ ಹೆಚ್ಚು ಬೆಲೆಯ ಬೇರೆ ಸ್ಕೂಟರ್ ಕೊಡುತ್ತೇವೆ.’

ಕೊನೆಯ ವಾಕ್ಯ ಬಹಳ ಮುಖ್ಯ. ‘ಬಹುಮಾನ ಬದಲಿಸುವ ಹಕ್ಕು ನಮ್ಮದು’ ಅಂತಷ್ಟೇ ಬರೆದರೆ ಸ್ಕೂಟರ್ ತೋರಿಸಿ ಮಿಕ್ಸರ್ ಕೊಡಬಹುದು ಅಂತ ಅರ್ಥ ಬರುತ್ತದೆ. ಹೇಳಿದ ಬಹುಮಾನ ಕೊಡುವ ಉದ್ದೇಶವೇ ಇಲ್ಲದೆ ಘೋಷಿಸುವುದು ಗ್ರಾಹಕ ಕಾಯ್ದೆಯಲ್ಲಿ ಹೆಸರಿಸಿಯೇ ಇಟ್ಟಿರುವ ತಪ್ಪು. ಫ್ಲೆಕ್ಸಿನ ಮೇಲೆ ದುಬಾರಿ ಮಾಡೆಲಿನ ಚಿತ್ರ ಹಾಕಿ ‘ಚಿತ್ರ ಮಾದರಿಗೆ ಮಾತ್ರ’ ಅನ್ನುವುದೂ ಬೇಡ. ಕೊಡುವ ವಸ್ತುವಿನ ಚಿತ್ರವನ್ನೇ ಹಾಕಿ.

ಚಿನ್ನವಾದರೆ ರೂಪಾಯಿಯಲ್ಲಿ ಹೇಳಬೇಡಿ, ಗ್ರಾಂ ಮತ್ತು ಕ್ಯಾರೆಟ್‌ನಲ್ಲಿ ಹೇಳಿ. ಬೆಲೆ ತಿಂಗಳಲ್ಲಿ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಗಿಫ್ಟ್ ವೋಚರ್ ಆದರೆ ಎಷ್ಟು ದಿನ ನಡೆಯುತ್ತದೆ, ಸೇಲ್ ಐಟಂಗೂ ನಡೆಯುತ್ತದೋ ಅಂತ ಬರೆಯಿರಿ. ಪ್ರವಾಸವಾದರೆ ಎಷ್ಟು ಜನ, ಯಾವ ಊರಿನಿಂದ, ಊಟ ಸೇರಿದೆಯೋ ಇಲ್ಲವೋ.

ತೆರಿಗೆ ಸಾಲು

ಲಾಟರಿ, ಪದಬಂಧ, ಆಟ ಇಂಥವುಗಳಲ್ಲಿ ಗೆದ್ದ ಮೊತ್ತ ₹10,000 ದಾಟಿದರೆ ಕೊಡುವವರು ಶೇಕಡಾ 30 ಟಿಡಿಎಸ್, ಅಂದರೆ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ, ಹಿಡಿಯಬೇಕು. ವಸ್ತು ರೂಪದ ಬಹುಮಾನವಾದರೆ ತೆರಿಗೆ ಕಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ವಸ್ತು ಕೈಗೆ ಕೊಡಬೇಕು. ₹90,000 ಸ್ಕೂಟರಿಗೆ ₹27,000 ತೆರಿಗೆ. ಇದನ್ನು ಗೆದ್ದವರು ಕಟ್ಟುತ್ತಾರೋ, ಅಂಗಡಿ ಭರಿಸುತ್ತದೋ ಅಂತ ನಿಯಮದಲ್ಲಿ ಇರಲೇಬೇಕು. ನಿಮ್ಮ ಸ್ಪರ್ಧೆಗೆ ಇದು ಹೇಗೆ ಅನ್ವಯಿಸುತ್ತದೆ, ಅಂಗಡಿಯೇ ಭರಿಸಿದರೆ ಲೆಕ್ಕ ಎಷ್ಟಾಗುತ್ತದೆ ಅನ್ನುವುದನ್ನು ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಉಚಿತವಾಗಿ ಕೊಟ್ಟ ವಸ್ತುವಿನ ಮೇಲೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಅದನ್ನೂ ಬಜೆಟ್ಟಿನಲ್ಲಿ ಸೇರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ತೆರಿಗೆ ಭರಿಸಲು ಆಗದ ಬಹುಮಾನ ಇಡಲೇಬಾರದು. ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಸ್ಕೂಟರ್ ಗೆದ್ದು, ₹27,000 ಹೊಂದಿಸಲು ಆಗದೆ ಬಿಟ್ಟು ಹೋಗುವ ಸ್ಥಿತಿ ಬಂದರೆ ಆ ಬಹುಮಾನಕ್ಕೆ ಏನರ್ಥ? ಸ್ಕೂಟರ್ ಬದಲು ₹9,000 ಬೆಲೆಯ ಹತ್ತು ಸೀರೆ ಹತ್ತು ಜನಕ್ಕೆ ಕೊಡಿ. ಹತ್ತು ಮನೆಯಲ್ಲಿ ನಿಮ್ಮ ಹೆಸರು ಹೇಳುತ್ತಾರೆ.

ತೀರ್ಪು: ಅಂಕ ಕಾಣಬೇಕು

‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಅನ್ನುವ ಒಂದೇ ಸಾಲು ಎಲ್ಲ ಕಡೆ ಇರುತ್ತದೆ. ತೀರ್ಮಾನ ಹೇಗೆ ಮಾಡುತ್ತಾರೆ ಅನ್ನುವುದು ಎಲ್ಲೂ ಇರುವುದಿಲ್ಲ. ನಮ್ಮ ಸೀರೆ ಅಂಗಡಿಗೆ ಹೀಗೆ:

‘ಪ್ರತಿ ಬರಹಕ್ಕೆ 30 ಅಂಕ: ವಿಷಯಕ್ಕೆ ಹೊಂದುವುದಕ್ಕೆ 10, ಹೊಸತನಕ್ಕೆ 10, ಭಾಷೆಗೆ 10. ಬರೆದವರ ಹೆಸರು ಮುಚ್ಚಿ, ನಂಬರ್ ಮಾತ್ರ ಹಾಕಿ ಬರಹಗಳನ್ನು ಮೂವರು ತೀರ್ಪುಗಾರರಿಗೆ ಕೊಡುತ್ತೇವೆ. ಮೂವರೂ ಬೇರೆ ಬೇರೆಯಾಗಿ ಅಂಕ ಕೊಡುತ್ತಾರೆ. ಮೂವರ ಅಂಕ ಸೇರಿಸಿ ಹೆಚ್ಚು ಬಂದವರು ಗೆದ್ದ ಹಾಗೆ. ಅಂಕ ಸಮ ಬಂದರೆ ಹೊಸತನಕ್ಕೆ ಹೆಚ್ಚು ಅಂಕ ಬಂದ ಬರಹಕ್ಕೆ ಬಹುಮಾನ. ಅದೂ ಸಮ ಬಂದರೆ ನಮಗೆ ಮೊದಲು ತಲುಪಿದ ಬರಹಕ್ಕೆ.’

ಸಮ ಬಂದಾಗ ಚೀಟಿ ಎತ್ತಬೇಡಿ. ಇಷ್ಟು ಕಷ್ಟಪಟ್ಟು ಕಟ್ಟಿದ ಜಾಣ್ಮೆಯ ಸ್ಪರ್ಧೆ ಕೊನೆಯ ಹೆಜ್ಜೆಯಲ್ಲಿ ಅದೃಷ್ಟಕ್ಕೆ ಹೋಗುತ್ತದೆ. ತೀರ್ಪುಗಾರರಲ್ಲಿ ಇಬ್ಬರಾದರೂ ಹೊರಗಿನವರಿರಲಿ. ಊರಿನ ಕನ್ನಡ ಮೇಷ್ಟ್ರು, ಲೈಬ್ರರಿಯವರು ಕೇಳಿದರೆ ಸಂತೋಷವಾಗಿ ಒಪ್ಪುತ್ತಾರೆ. ಅಂಕದ ಹಾಳೆಗೆ ಅವರ ಸಹಿ ಹಾಕಿಸಿ.

‘ಯಾರೂ ಕೋರ್ಟಿಗೆ ಹೋಗುವ ಹಾಗಿಲ್ಲ’ ಅಂತ ಸೇರಿಸುವವರೂ ಇದ್ದಾರೆ. ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ‘ದಾವಣಗೆರೆ ಕೋರ್ಟು ಮಾತ್ರ’ ಅಂದರೂ ಅಷ್ಟೇ. ಗ್ರಾಹಕರು ತಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದರ ಬದಲು ‘ತಕರಾರಿದ್ದರೆ ಫಲಿತಾಂಶ ಬಂದ 7 ದಿನದೊಳಗೆ ಬರೆದು ಕೊಡಿ, 10 ದಿನದಲ್ಲಿ ಉತ್ತರ ಕೊಡುತ್ತೇವೆ’ ಅಂತ ಬರೆಯಿರಿ. ಬಹಳಷ್ಟು ಸಿಟ್ಟು ಅಲ್ಲೇ ಇಳಿಯುತ್ತದೆ.

ಫೋನ್ ನಂಬರ್, ಫೋಟೋ, ಬರಹದ ಹಕ್ಕು

ಫಾರಂ ತುಂಬಿದ ಮರುದಿನದಿಂದ ಆಫರ್ ಮೆಸೇಜ್ ಸುರಿಯುವುದು ಸರಿ ಅಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಹಕ್ಕನ್ನು ಈ ಕಾಯ್ದೆ ಕೊಡುತ್ತದೆ. ಸ್ಪರ್ಧೆಗೆ ಒಂದು ಒಪ್ಪಿಗೆ, ಆಫರ್ ಮೆಸೇಜಿಗೆ ಇನ್ನೊಂದು ಒಪ್ಪಿಗೆ. ಎರಡನೆಯದರ ಚೌಕ ಖಾಲಿ ಇರಲಿ, ಬೇಕಾದವರು ಟಿಕ್ ಮಾಡಲಿ. ಪ್ಯಾನ್, ಆಧಾರ್ ಎಲ್ಲರ ಹತ್ತಿರ ಕೇಳಬೇಡಿ. ತೆರಿಗೆಗೆ ಬೇಕಾದ ಪ್ಯಾನನ್ನು ಗೆದ್ದವರಿಂದ ಮಾತ್ರ ಕೇಳಿ.

‘ಕಳಿಸಿದ ಬರಹವೆಲ್ಲ ನಮ್ಮ ಸ್ವತ್ತು’ ಅನ್ನುವ ಸಾಲನ್ನು ತೆಗೆದುಬಿಡಿ. ಹಕ್ಕು ವರ್ಗಾಯಿಸಲು ಬರೆದವರ ಸಹಿ ಇರುವ ಕಾಗದ ಬೇಕು ಅಂತ 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಗೆದ್ದ ಬರಹವನ್ನು ಮಾತ್ರ, ಬರೆದವರ ಹೆಸರಿನ ಜೊತೆ, ಒಂದು ವರ್ಷ ಜಾಹೀರಾತಿನಲ್ಲಿ ಬಳಸುತ್ತೇವೆ ಅಂದರೆ ಸಾಕಲ್ವಾ? ಫೋಟೋ ಹಾಕಲು ಗೆದ್ದವರ ಒಪ್ಪಿಗೆಯನ್ನು ಬೇರೆಯಾಗಿ ಕೇಳಿ.

ಇನ್ನೊಂದು ಸಾಲು ಈಗ ಕಡ್ಡಾಯ ಅನ್ನುವಷ್ಟು ಮುಖ್ಯ. ನಿಮ್ಮ ಸ್ಪರ್ಧೆಯ ಸುದ್ದಿ ಹರಡಿದ ಕೂಡಲೇ ಮೋಸಗಾರರು ನಿಮ್ಮ ಹೆಸರಿನಲ್ಲೇ ಜನರಿಗೆ ಫೋನ್ ಮಾಡಬಹುದು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ:

‘ಗೆದ್ದವರಿಗೆ ಈ ಒಂದೇ ನಂಬರಿನಿಂದ ಫೋನ್ ಬರುತ್ತದೆ. ನಾವು ಒಟಿಪಿ, ಯುಪಿಐ ಪಿನ್, ಕೊರಿಯರ್ ಖರ್ಚು ಕೇಳುವುದಿಲ್ಲ. ಫೋನಿನಲ್ಲಿ ಹಣ ಕೇಳಿದರೆ ಕೊಡಬೇಡಿ, ಅಂಗಡಿಗೆ ತಿಳಿಸಿ. ಮೋಸ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.’

ಕನ್ನಡ ಫ್ಲೆಕ್ಸಿಗೆ ಕನ್ನಡದಲ್ಲೇ ನಿಯಮ

ಫ್ಲೆಕ್ಸ್ ಪೂರ್ತಿ ಕನ್ನಡ, ಷರತ್ತು ಮಾತ್ರ ಇಂಗ್ಲಿಷ್. ಇದು ನಡೆಯುವುದಿಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿ, ಅದೇ ಫಾಂಟಿನಲ್ಲಿ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ. ಪೂರ್ತಿ ನಿಯಮ ಫ್ಲೆಕ್ಸಿನಲ್ಲಿ ಹಿಡಿಯುವುದಿಲ್ಲ, ನಿಜ. ಯಾರು ಬರಬಹುದು, ಕೊನೆಯ ದಿನಾಂಕ, ಖರೀದಿ ಕಡ್ಡಾಯವಲ್ಲ, ತೆರಿಗೆ ಯಾರದ್ದು, ಈ ನಾಲ್ಕನ್ನು ಮಾತ್ರ ದಾರಿಯಲ್ಲಿ ಹೋಗುವವರಿಗೆ ಕಾಣುವಷ್ಟು ದೊಡ್ಡದಾಗಿ ಹಾಕಿ. ಉಳಿದದ್ದಕ್ಕೆ ಕ್ಯೂಆರ್ ಕೋಡ್ ಇರಲಿ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕೌಂಟರಿನಲ್ಲಿ ಪ್ರಿಂಟ್ ಇಡಿ.

ಒಮ್ಮೆ ಸ್ಪರ್ಧೆ ಶುರುವಾದ ಮೇಲೆ ನಿಯಮ ಬದಲಿಸಬೇಡಿ. ‘ಯಾವಾಗ ಬೇಕಾದರೂ, ಕಾರಣ ಕೊಡದೆ ರದ್ದು ಮಾಡಬಹುದು’ ಅನ್ನುವುದೂ ಬೇಡ. ಪ್ರವಾಹ, ಸರ್ಕಾರದ ಆದೇಶ ಇಂಥ ಕಾರಣಗಳನ್ನು ಹೆಸರಿಸಿ, ಆಗ ಬಂದ ಬರಹಗಳ ಗತಿ ಏನು ಅಂತಲೂ ಹೇಳಿ.

ಫಲಿತಾಂಶ

ಫಲಿತಾಂಶ ಮುಚ್ಚಿಡುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಜಾಹೀರಾತು ಪತ್ರಿಕೆಯಲ್ಲಿ ಬಂದಿದ್ದರೆ ಫಲಿತಾಂಶವೂ ಅದೇ ಪತ್ರಿಕೆಯಲ್ಲಿ, ಎದ್ದು ಕಾಣುವ ಹಾಗೆ, ತಡ ಮಾಡದೆ ಬರಬೇಕು ಅಂತ ಕಾಯ್ದೆಯ ವಿವರಣೆಯಲ್ಲೇ ಇದೆ. ಅಂಗಡಿ ಬಾಗಿಲಿಗೂ ಅಂಟಿಸಿ: ಗೆದ್ದವರ ಹೆಸರು, ಊರು, ಬಂದ ಅಂಕ, ಗೆದ್ದ ಬರಹ. ಫೋನ್ ನಂಬರ್ ಬೇಡ. ಗೆದ್ದವರು ಎಷ್ಟು ದಿನದಲ್ಲಿ ಬಹುಮಾನ ಒಯ್ಯಬೇಕು, ಬರದಿದ್ದರೆ ಎರಡನೆಯವರಿಗೆ ಯಾವಾಗ ಹೋಗುತ್ತದೆ ಅನ್ನುವುದನ್ನು ನಿಯಮದಲ್ಲೇ ಹೇಳಿರಿ. 15 ದಿನ ಕೊಡಿ, ಮೂರು ಸಲ ಫೋನ್ ಮಾಡಿ, ಮಾಡಿದ ದಿನ, ಹೊತ್ತು ಬರೆದಿಡಿ.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶ ಇದೆ. ಬಂದ ಬರಹಗಳು, ಅಂಕದ ಹಾಳೆಗಳು, ಫ್ಲೆಕ್ಸಿನ ಫೋಟೋ, ಪತ್ರಿಕೆಯ ತುಣುಕು, ಬಹುಮಾನ ಪಡೆದವರ ಸಹಿ, ಟಿಡಿಎಸ್ ಚಲನ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ ಅಲ್ಲಿಯವರೆಗೆ ಇಟ್ಟುಕೊಳ್ಳಿ. ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಆಮೇಲೆ ಹೆಸರು, ಫೋನ್ ನಂಬರ್ ಅಳಿಸುತ್ತೀರಿ ಅನ್ನುವ ಸಾಲು ಫಾರಂ ಮೇಲೆ ಮೊದಲೇ ಇರಲಿ.